ಉನ್ನತ ವ್ಯಾಸಂಗದ ಪ್ರವೇಶವೂ ಕ್ರೀಡಾಪಟುಗಳೂ

(ಭೈರವಾನಿತಿಪ್ಪದಲ್ಲಿ ಸೇರಿದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ಉಪದೇಶಪರವಾದ ಭಾಷಣವನ್ನು ಮಾಡಿ ತಮ್ಮ ಕಾಲವನ್ನು ತೆಗೆದುಕೊಳ್ಳುವುದಕ್ಕಿಂತ, ಸಂಘದ ಮುಂದೆ ಈಗ ಇತ್ಯರ್ಥಕ್ಕೆ ನಿಂತಿರುವ ಒಂದು ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ಉಚಿತವೆಂದು ನಮಗೆ ತೋರಿತು. ಕಾಲೇಜಿಗೂ ಅದರ ಮೇಲಿನ ಸ್ನಾತಕೋತ್ತರ ವ್ಯಾಸಂಗಕ್ಕೂ ಹೋಗುವ ನಮ್ಮ ಮಕ್ಕಳಿಗೆ ಸಂಘವು ಕೊಡುವ ಸಹಾಯಧನದಲ್ಲಿ, ಆಟಪಾಟಗಳಲ್ಲಿ ಹೆಸರು ಪಡೆದವರಿಗೂ ಒಂದು ಪಾಲನ್ನು ಇಡಬೇಕೇ? ಇಡುವುದಾದರೆ ಅವರಿಂದ ಎಷ್ಟು ಅಂಕಗಳನ್ನು ನಿರೀಕ್ಷಿಸಬೇಕು? ಇದೇ ಆ ಪ್ರಶ್ನೆ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಲವಾಗಿ ಕೇಳಿಬಂದಿವೆ. ಹಣವು ವಿದ್ಯೆಗಾಗಿ ಕೂಡಿಸಿದ್ದು, ಆದ್ದರಿಂದ ಅಂಕಗಳೇ ಅಳತೆಯಾಗಬೇಕು, ಓಡುವವನಿಗೂ ಓದುವವನಿಗೂ ಒಂದೇ ನಿಯಮವಿರಬೇಕು ಎಂಬುದು ಮೊದಲನೆಯದು. ಕಬಡ್ಡಿಯಲ್ಲಿಯೋ ಖೋ-ಖೋದಲ್ಲಿಯೋ ರಾಜ್ಯಮಟ್ಟಕ್ಕೆ ಏರಿದ ಹುಡುಗನ ಪದಕವೇ ಅವನ ಅರ್ಹತೆ, ಅಂಕಪಟ್ಟಿಯನ್ನು ನೋಡುವುದೇ ಬೇಡ ಎಂಬುದು ಎರಡನೆಯದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೂ ಎರಡನ್ನೂ ಹಾಗೆಯೇ ಒಪ್ಪಿಕೊಂಡರೆ ನಮ್ಮ ಮಕ್ಕಳಿಗೆ ಕೇಡಾಗುವುದೆಂದು ನಮ್ಮ ನಂಬಿಕೆ.

ಮೊದಲು ನಮ್ಮ ಪ್ರಾಂತದ ಸ್ಥಿತಿಯನ್ನು ನೆನೆಯೋಣ. 1953ನೆಯ ಇಸವಿಯಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರದ ಕನ್ನಡಿಗರು ಮೊದಲಿನಿಂದಲೂ ಅನಂತಪುರ ಜಿಲ್ಲೆಯವರೇ ಆಗಿದ್ದರು; 2022ರಿಂದ ಅವರ ಊರು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗಡಿಯ ಗೆರೆ ಎಲ್ಲಿಯೇ ಬೀಳಲಿ, ಮನೆಯ ಮಾತು ಬದಲಾಗಲಿಲ್ಲ. ನಮ್ಮ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದುತ್ತಾರೆ. ಇಂಟರ್‌ಮೀಡಿಯೆಟ್ ತರಗತಿಯ ಹೊಸ್ತಿಲನ್ನು ದಾಟಿದೊಡನೆ ಪಾಠಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಥವಾ ತೆಲುಗಿನಲ್ಲಿ ನಡೆಯುತ್ತವೆ. ನಿನ್ನೆಯವರೆಗೆ ತರಗತಿಯಲ್ಲಿ ಮುಂದೆ ಕುಳಿತಿದ್ದ ಹುಡುಗಿ ಒಂದೇ ವರ್ಷದಲ್ಲಿ ಹಿಂದಿನ ಸಾಲಿಗೆ ಸರಿಯುವುದನ್ನು ನಾವು ಉಪಾಧ್ಯಾಯರು ವರ್ಷವರ್ಷವೂ ಕಂಡಿದ್ದೇವೆ. ಅವಳ ಬುದ್ಧಿ ಮೊದಲಿನಂತೆಯೇ ಇರುತ್ತದೆ. ಬದಲಾದದ್ದು ಪಾಠದ ಭಾಷೆ ಮಾತ್ರ.

ಆಟದ ಬಯಲಿನಲ್ಲಿ ಮಾತ್ರ ಈ ತೊಡಕಿಲ್ಲ. ಓಟದ ಗಡಿಯಾರಕ್ಕೆ ಕನ್ನಡವೂ ಒಂದೇ, ತೆಲುಗೂ ಒಂದೇ. ಮಳೆಯನ್ನೇ ನಂಬಿದ ಕಡಲೆಕಾಯಿಯ ಹೊಲದವರ ಮಗನಿಗೆ, ರಾಯದುರ್ಗದಲ್ಲಿ ಸಿದ್ಧ ಉಡುಪುಗಳನ್ನು ಹೊಲಿಯುವ ತಾಯಿಯ ಮಗಳಿಗೆ, ಕಾಲೇಜಿನ ಬಾಗಿಲು ಕ್ರೀಡೆಯಿಂದಲೇ ತೆರೆಯುವುದಾದರೆ ಅದನ್ನು ಹಗುರವಾಗಿ ಕಾಣಲಾಗದು. ಉದ್ಯೋಗದ ಮಾತೂ ಇದಕ್ಕೆ ಸೇರಿದೆ. ಆಂಧ್ರಪ್ರದೇಶದಲ್ಲಿ 2025ರಲ್ಲಿ ನಡೆದ ಶಿಕ್ಷಕರ ನೇಮಕದಲ್ಲಿ ಶೇಕಡಾ 3ರಷ್ಟು ಸ್ಥಾನಗಳನ್ನು ಕ್ರೀಡಾಪಟುಗಳಿಗೆ ಮೀಸಲಿರಿಸಿ, ಬರಹದ ಪರೀಕ್ಷೆಯಿಲ್ಲದೆ ಕ್ರೀಡಾಸಾಧನೆಯನ್ನೇ ನೋಡಿ ಆಯ್ಕೆ ಮಾಡಿದ್ದುಂಟು. ಅಂದ ಮೇಲೆ ಇಂದು ಆಟಗಾರನಾಗಿ ಕಾಲೇಜಿಗೆ ಸೇರಿದವನು ನಾಳೆ ನಮ್ಮ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬಹುದು. ಅವನು ಕಾಲೇಜಿನಲ್ಲಿ ನಿಜವಾಗಿ ಏನನ್ನು ಕಲಿತ ಎಂಬುದು ಅವನೊಬ್ಬನ ಲಾಭನಷ್ಟದ ಮಾತಾಗಿ ಉಳಿಯುವುದಿಲ್ಲ.

ಆಟವೂ ಪಾಠವೂ ಒಂದಕ್ಕೊಂದು ವೈರಿಗಳೆಂಬ ಭಾವನೆಯನ್ನು ಆದಿಯಲ್ಲಿಯೇ ತೊರೆಯಬೇಕು. ಎರಾಪಳ್ಳಿ ಪ್ರಸನ್ನ ಅವರು 1962ರ ಜನವರಿಯಲ್ಲಿ ಮದರಾಸಿನಲ್ಲಿ ಭಾರತದ ಪರವಾಗಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿಬಂದರು. ಅನಂತರ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗಿನಲ್ಲಿ ತಮ್ಮ ವ್ಯಾಸಂಗವನ್ನು ಪೂರೈಸುವುದಕ್ಕಾಗಿ ಟೆಸ್ಟ್ ಆಟದಿಂದ ದೂರವುಳಿದರು. 1967ರಲ್ಲಿ ಮರಳಿ ಬಂದು, ಒಟ್ಟು 49 ಟೆಸ್ಟುಗಳಲ್ಲಿ 189 ವಿಕೆಟ್ಟುಗಳನ್ನು ಪಡೆದರು. ಅನಿಲ್ ಕುಂಬ್ಳೆಯವರು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಪದವೀಧರರು. ಒಂದು ಮೈಲಿಯನ್ನು ನಾಲ್ಕು ನಿಮಿಷಗಳೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ 1954ರ ಮೇ 6ರ ಆ ದಿನ ವೈದ್ಯವಿದ್ಯಾರ್ಥಿಯಾಗಿದ್ದರು. ಮುಂದೆ ನರರೋಗಗಳ ತಜ್ಞರಾಗಿ ಖ್ಯಾತಿ ಪಡೆದರು. ಆದರೆ ಈ ಮಹನೀಯರ ಹೆಸರುಗಳನ್ನು ಬೆತ್ತವನ್ನಾಗಿ ಮಾಡಿಕೊಂಡು, “ಅವರಿಗಾದದ್ದು ನಿನಗೇಕೆ ಆಗದು?” ಎಂದು ನಮ್ಮ ಹುಡುಗರನ್ನು ಗದರಿಸುವುದು ನ್ಯಾಯವಲ್ಲ. ಪ್ರಸನ್ನ ಅವರು ಐದು ವರ್ಷ ಕಾದು ಮರಳಿ ಬಂದರು. ಎಲ್ಲ ಕ್ರೀಡೆಗಳೂ, ಎಲ್ಲ ಮನೆಗಳೂ ಹಾಗೆ ಕಾಯುವುದಿಲ್ಲ.

ಹಾಗಾದರೆ ಪ್ರವೇಶಕ್ಕೆ ಅಂಕಗಳ ಮಟ್ಟವನ್ನು ಇಡುವುದೇತಕ್ಕೆ? ಇಲ್ಲಿ ಎರಡು ಬೇರೆ ಬೇರೆ ಉದ್ದೇಶಗಳು ಬೆರೆತುಹೋಗಿವೆ. ಹತ್ತು ಸ್ಥಾನಗಳಿಗೆ ನೂರು ಮಂದಿ ಬಂದಾಗ ಅವರನ್ನು ಸಾಲಾಗಿ ನಿಲ್ಲಿಸುವುದಕ್ಕೆ ಒಂದು ಅಳತೆ ಬೇಕು. ಅಂಕಗಳು ಆ ಕೆಲಸವನ್ನು ಮಾಡುತ್ತವೆ. ಒಳಗೆ ಬಂದವನು ಪಾಠವನ್ನು ಅನುಸರಿಸಬಲ್ಲನೇ, ಪದವಿಯನ್ನು ಮುಗಿಸಬಲ್ಲನೇ ಎಂಬ ಭರವಸೆಯೂ ಬೇಕು. ಆ ಕೆಲಸವನ್ನೂ ಅಂಕಗಳೇ ಮಾಡುತ್ತವೆ. ಮೊದಲನೆಯದು ಸ್ಪರ್ಧೆಯ ಮಟ್ಟ, ಎರಡನೆಯದು ಸಾಮರ್ಥ್ಯದ ಮಟ್ಟ. ಕ್ರೀಡಾಪಟುವಿಗೆ ಸಡಿಲಿಸಬಹುದಾದದ್ದು ಸ್ಪರ್ಧೆಯ ಮಟ್ಟವೇ ಹೊರತು ಸಾಮರ್ಥ್ಯದ ಮಟ್ಟವಲ್ಲ.

ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ನಮ್ಮ ಹಗರಿಯ ಅಣೆಕಟ್ಟು ಕೋಡಿ ಬಿದ್ದ ವರ್ಷಗಳನ್ನು ಬೆರಳ ಮೇಲೆ ಎಣಿಸಬಹುದು. ಮೇಲೆ ಹಿರಿಯೂರಿನ ವಾಣಿವಿಲಾಸಸಾಗರವು ತುಂಬಿ ಹರಿಯಬೇಕಾದರೆ 1933ರಿಂದ 2022ರವರೆಗೆ ಕಾಯಬೇಕಾಯಿತು. ಕಾಲುವೆಗೆ ನೀರು ಹರಿಯಬೇಕಾದರೆ ಜಲಾಶಯವು ಕೋಡಿ ಬೀಳಬೇಕಾಗಿಲ್ಲ. ಆದರೆ ನೀರು ತೂಬಿನ ಮಟ್ಟಕ್ಕೆ ಬರಲೇಬೇಕು. ಅದಕ್ಕಿಂತ ಕೆಳಗಿದ್ದರೆ ಬಾಗಿಲನ್ನು ಎಷ್ಟು ಎತ್ತಿದರೂ ಹೊಲಕ್ಕೆ ಹನಿ ಹೋಗದು. ಕ್ರೀಡಾಪಟುವಿನಿಂದ ಕೋಡಿಯ ಮಟ್ಟವನ್ನು ಕೇಳುವುದು ಅನ್ಯಾಯ. ತೂಬಿನ ಮಟ್ಟವನ್ನೂ ಕೇಳದಿರುವುದು ವಂಚನೆ.

ಇದೇ ವಿಚಾರವು 2023ರಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಚಂಡೀಗಢದ ಪಿ.ಇ.ಸಿ. ಇಂಜಿನಿಯರಿಂಗ್ ವಿದ್ಯಾಸಂಸ್ಥೆಯಲ್ಲಿ ಶೇಕಡಾ 2ರಷ್ಟು ಸ್ಥಾನಗಳು ಕ್ರೀಡಾಪಟುಗಳಿಗೆ ಮೀಸಲಾಗಿದ್ದವು. ಆದರೆ ಆ ಸ್ಥಾನಗಳಿಗೂ ಹನ್ನೆರಡನೆಯ ತರಗತಿಯಲ್ಲಿ ಶೇಕಡಾ 75 ಅಂಕಗಳಿರಬೇಕೆಂದು ಷರತ್ತು ಹಾಕಲಾಗಿತ್ತು. ಸಾಮಾನ್ಯ ಅಭ್ಯರ್ಥಿಗಳಿಗೆ ಇಟ್ಟ ಗೆರೆಯನ್ನೇ ಕ್ರೀಡಾಪಟುಗಳಿಗೂ ಇಟ್ಟರೆ ಮೀಸಲಿನ ಉದ್ದೇಶವೇ ಕೆಡುವುದೆಂದೂ, ಅಂತಹ ಸ್ಥಾನಗಳಿರುವುದು ಕ್ರೀಡೆಗೆ ಉತ್ತೇಜನ ಕೊಡಲೆಂದೂ ಹೇಳಿ ನ್ಯಾಯಾಲಯವು ಆ ಷರತ್ತನ್ನು ರದ್ದುಗೊಳಿಸಿತು. ಬಾಗಿಲನ್ನು ತೆರೆದಂತೆ ತೋರಿಸಿ ಒಳಗಿನಿಂದ ಅಗುಳಿ ಹಾಕುವುದು ಸಲ್ಲದೆಂಬುದೇ ಇದರ ತಾತ್ಪರ್ಯ.

ಮದರಾಸಿನ ಐ.ಐ.ಟಿ.ಯವರು 2024-25ರ ಸಾಲಿನಿಂದ ಹಿಡಿದ ದಾರಿಯೂ ಗಮನಾರ್ಹವಾದುದು. ಪದವಿಯ ಒಂದೊಂದು ಶಿಕ್ಷಣಕ್ರಮಕ್ಕೆ ಎರಡೆರಡು ಹೆಚ್ಚುವರಿ ಸ್ಥಾನಗಳನ್ನು ಕ್ರೀಡಾಪಟುಗಳಿಗೆಂದು ಸೇರಿಸಿದರು. ಅವುಗಳಲ್ಲಿ ಒಂದು ಹೆಣ್ಣುಮಕ್ಕಳಿಗೆ. ಅಭ್ಯರ್ಥಿಯು ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಲೇಬೇಕು. ಹಾಗೆ ಅರ್ಹರಾದವರೊಳಗೆ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಮಾತ್ರ ಕ್ರೀಡಾಸಾಧನೆ ನಿರ್ಣಯಿಸುತ್ತದೆ. ಸ್ಥಾನಗಳು ಹೆಚ್ಚುವರಿಯಾದುದರಿಂದ ಬೇರೆ ಯಾವ ವಿದ್ಯಾರ್ಥಿಯ ಅವಕಾಶವೂ ಕಡಿಮೆಯಾಗಲಿಲ್ಲ. ಸ್ಪರ್ಧೆಯ ಮಟ್ಟವನ್ನೂ ಸಾಮರ್ಥ್ಯದ ಮಟ್ಟವನ್ನೂ ಬೇರ್ಪಡಿಸಿದರೆ ಕೆಲಸ ಎಷ್ಟು ಸುಲಭವಾಗುವುದೆಂಬುದಕ್ಕೆ ಇದು ನಿದರ್ಶನ.

ಇನ್ನು ಪದಕವೊಂದೇ ಸಾಕೆನ್ನುವವರು ಅಮೆರಿಕದ ಅನುಭವವನ್ನು ಕಿವಿಗೊಟ್ಟು ಕೇಳಬೇಕು. ಕಾಲೇಜು ಕ್ರೀಡೆಗೆ ಆ ದೇಶದಲ್ಲಿರುವ ವೈಭವ ಬೇರೆಲ್ಲಿಯೂ ಇಲ್ಲ. ಅದರ ಕೇಡುಗಳೂ ಅಲ್ಲಿಯೇ ಹೆಚ್ಚು ಬಯಲಾಗಿವೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದ ಒಂದು ವಿಭಾಗದಲ್ಲಿ 1993ರಿಂದ 2011ರವರೆಗೆ ಪಾಠವೇ ನಡೆಯದ ತರಗತಿಗಳಿದ್ದವು. ವಿದ್ಯಾರ್ಥಿಯು ಒಂದು ಪ್ರಬಂಧವನ್ನು ಬರೆದುಕೊಟ್ಟರೆ ಕಚೇರಿಯ ಒಬ್ಬ ಸಿಬ್ಬಂದಿಯೇ ಅದಕ್ಕೆ ಧಾರಾಳವಾಗಿ ಶ್ರೇಣಿ ಕೊಡುತ್ತಿದ್ದರು. 2014ರಲ್ಲಿ ಪ್ರಕಟವಾದ ವಿಚಾರಣೆಯ ವರದಿಯಂತೆ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಂಥ ತರಗತಿಗಳಲ್ಲಿ ಹೆಸರು ಬರೆಸಿದ್ದರು. ಅವರಲ್ಲಿ ಅರ್ಧಕ್ಕೆ ಹತ್ತಿರವಾದಷ್ಟು ಮಂದಿ ಕ್ರೀಡಾಪಟುಗಳು. ಆ ಆಟಗಾರರನ್ನು ದೂರಿ ಫಲವಿಲ್ಲ. ಅವರ ಬಲವನ್ನು ವಿದ್ಯಾಲಯವು ಪಡೆಯಿತು, ಪ್ರತಿಯಾಗಿ ಕೊಡಬೇಕಾಗಿದ್ದ ವಿದ್ಯೆಯನ್ನು ಕೊಡಲಿಲ್ಲ.

ಸ್ನಾತಕೋತ್ತರ ವ್ಯಾಸಂಗದಲ್ಲಿ ಈ ಇಕ್ಕಟ್ಟು ಮತ್ತಷ್ಟು ಸೂಕ್ಷ್ಮವಾಗುತ್ತದೆ. ಅಲ್ಲಿ ಕೆಲವು ಆಟಗಾರರು ಪದವಿಯನ್ನು ಬೇಗನೆ ಮುಗಿಸುತ್ತಾರೆ, ಆಡುವ ಹಕ್ಕು ಇನ್ನೊಂದು ವರ್ಷ ಉಳಿದಿರುತ್ತದೆ. ಅಂಥವರು ಬೇರೊಂದು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ತರಗತಿಗೆ ಸೇರಿ ಅಲ್ಲಿನ ತಂಡದಲ್ಲಿ ಆಡುವುದುಂಟು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ರಸೆಲ್ ವಿಲ್ಸನ್ 2011ರಲ್ಲಿ ವಿಸ್ಕಾನ್ಸಿನ್ನಿಗೆ ಹೋಗಿ ಆಡಿದ್ದು ಇದರ ಪ್ರಸಿದ್ಧ ಉದಾಹರಣೆ. ಪದವಿಯನ್ನು ಕಾಲಕ್ಕೆ ಮುಗಿಸಿದವನಿಗೆ ದೊರೆತ ಈ ಸ್ವಾತಂತ್ರ್ಯವು ಒಂದು ಬಗೆಯಿಂದ ಬಹುಮಾನವೇ ಸರಿ. ಆದರೆ ಸ್ನಾತಕೋತ್ತರ ತರಗತಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಆಯಾ ವಿಭಾಗದ ಅಧ್ಯಾಪಕರ ಅಧಿಕಾರ. ತರಬೇತುದಾರನಿಗಾದರೋ ಆಟದ ಋತುವಿನೊಳಗೆ ಆಟಗಾರ ಬೇಕು. ಪ್ರವೇಶವನ್ನು ಬಿಗಿಯಾಗಿಟ್ಟ ವಿದ್ಯಾಲಯವು ಆಟಗಾರನನ್ನು ಕಳೆದುಕೊಳ್ಳುತ್ತದೆ. ಸಡಿಲಬಿಟ್ಟ ವಿದ್ಯಾಲಯದಲ್ಲಿ ಅವನು ಋತು ಮುಗಿದೊಡನೆ ಪುಸ್ತಕವನ್ನು ಮುಚ್ಚಿ ಹೊರಟುಹೋಗಬಹುದು. ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ತಂಡಗಳು ಸ್ನಾತಕೋತ್ತರ ಆಟಗಾರನಿಗೆ ಕೊಟ್ಟ ವಿದ್ಯಾರ್ಥಿವೇತನದ ಸ್ಥಾನವನ್ನು, ಅವನ ವ್ಯಾಸಂಗದ ಪೂರ್ಣಾವಧಿಯವರೆಗೆ ತಮ್ಮ ಲೆಕ್ಕದಲ್ಲಿಯೇ ಇಟ್ಟುಕೊಳ್ಳಬೇಕೆಂದು ಒಂದು ಸೂಚನೆ ಅಲ್ಲಿನ ಎನ್.ಸಿ.ಎ.ಎ. ಎಂಬ ಕ್ರೀಡಾಮಂಡಲಿಯ ಮುಂದೆ ಬಂದಿತ್ತು. 2019ರ ಏಪ್ರಿಲಿನಲ್ಲಿ ಅದು ಬಿದ್ದುಹೋಯಿತು. ಕಲಿಸುವ ಹೊಣೆಯನ್ನು ಹೊರದೆ ಆಡಿಸುವ ಲಾಭವನ್ನು ಮಾತ್ರ ಪಡೆಯಬೇಕೆಂಬ ಆಸೆ ಎಷ್ಟು ಬಲವಾದುದೆಂಬುದನ್ನು ಇದರಿಂದ ತಿಳಿಯಬಹುದು.

ಅದೇ 2019ರ ಮಾರ್ಚಿಯಲ್ಲಿ ಇನ್ನೊಂದು ಮೋಸವೂ ಹೊರಬಿದ್ದಿತು. ಧನಿಕರ ಮಕ್ಕಳನ್ನು, ಅವರು ಎಂದೂ ಆಡದಿದ್ದ ಆಟದ ಪಟುಗಳೆಂದು ತೋರಿಸಿ, ತರಬೇತುದಾರರಿಗೆ ಲಂಚ ಕೊಟ್ಟು, ಹೆಸರಾಂತ ವಿಶ್ವವಿದ್ಯಾನಿಲಯಗಳಿಗೆ ಸೇರಿಸಲಾಗಿತ್ತು. ಬಡವನಿಗೆಂದು ತೆರೆದ ಕಿಟಕಿಯಿಂದ ಸಿರಿವಂತನು ಒಳನುಗ್ಗುವುದು ಹೀಗೆ. ಸುಳ್ಳು ಸರ್ಟಿಫಿಕೇಟಿನ ಚಪಲವು ಅಮೆರಿಕದವರಿಗೆ ಮಾತ್ರ ಇರುವುದೆಂದು ತಾವಾರೂ ಭಾವಿಸಲಾರಿರಿ.

ಆದರೆ ಮಟ್ಟವನ್ನು ಗೊತ್ತುಮಾಡುವಾಗಲೂ ಎಚ್ಚರಬೇಕು. ಅಳೆಯುವ ಕೋಲೇ ಓರೆಯಾಗಿರಬಹುದು. ಅದೇ ಎನ್.ಸಿ.ಎ.ಎ. ಮಂಡಲಿಯು 1983ರಲ್ಲಿ ಒಂದು ನಿಯಮವನ್ನು ಅಂಗೀಕರಿಸಿ 1986ರಿಂದ ಜಾರಿಗೆ ತಂದಿತು. ಮೊದಲ ವರ್ಷದಲ್ಲಿ ಆಡಬೇಕಾದರೆ ಪ್ರೌಢಶಾಲೆಯ ಮುಖ್ಯ ವಿಷಯಗಳಲ್ಲಿ ಇಷ್ಟು ಶ್ರೇಣಿ, ಎಸ್.ಎ.ಟಿ. ಪರೀಕ್ಷೆಯಲ್ಲಿ 700 ಅಂಕ ಇರಬೇಕೆಂದಾಯಿತು. ಅದನ್ನು ಮತ್ತಷ್ಟು ಬಿಗಿಮಾಡಿ ವಿದ್ಯಾರ್ಥಿವೇತನವನ್ನೇ ತಪ್ಪಿಸುವ ಸೂಚನೆ ಬಂದಾಗ, 1989ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ಥಾಂಪ್ಸನ್ ಅವರು ಆಟ ಆರಂಭವಾಗುವ ಹೊತ್ತಿಗೆ ಅಂಗಳದಿಂದ ಎದ್ದುಹೋಗಿ ಪ್ರತಿಭಟಿಸಿದರು. ಬಡ ಕರಿಯ ಮಕ್ಕಳಿಗೆ ಆ ಪರೀಕ್ಷೆಯೇ ನ್ಯಾಯವಾದುದಲ್ಲವೆಂಬುದು ಅವರ ವಾದ. ಕೊನೆಗೆ 2023ರ ಜನವರಿಯಲ್ಲಿ ಆ ಪರೀಕ್ಷೆಯ ಅಂಕದ ನಿಬಂಧನೆಯನ್ನು ಮಂಡಲಿಯು ತೆಗೆದುಹಾಕಿತು. ಶಾಲೆಯ ಪಾಠಗಳಲ್ಲಿ ಇರಬೇಕಾದ ಶ್ರೇಣಿ ಮಾತ್ರ ಉಳಿಯಿತು. ಪರಭಾಷೆಯಲ್ಲಿ ಪರೀಕ್ಷೆ ಬರೆಯುವ ನಮ್ಮ ಮಕ್ಕಳ ಅಂಕಗಳನ್ನು ನೋಡುವಾಗ ಈ ಕಥೆಯನ್ನು ನೆನೆಯಬೇಕು. ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ಎಣಿಸುವುದು ದೊಡ್ಡ ಪ್ರಮಾದ.

ಹಾಗೆಂದು ಎಲ್ಲ ವ್ಯಾಸಂಗಗಳಿಗೂ ಒಂದೇ ತೂಬಿನ ಮಟ್ಟವೆಂದಲ್ಲ. ಇತಿಹಾಸದ ಎಂ.ಎ. ತರಗತಿಯಲ್ಲಿ ಹಿಂದೆ ಬಿದ್ದವನು ತನಗೇ ನಷ್ಟ ಮಾಡಿಕೊಳ್ಳುತ್ತಾನೆ. ವೈದ್ಯವಿದ್ಯೆಯಲ್ಲಿ ಹಿಂದೆ ಬಿದ್ದವನು ರೋಗಿಗೆ ನಷ್ಟ ಮಾಡುತ್ತಾನೆ. ಅಜ್ಞಾನದಿಂದ ಪರರಿಗಾಗುವ ಕೇಡು ಎಲ್ಲಿ ಹೆಚ್ಚೋ ಅಲ್ಲಿ ಮಟ್ಟವೂ ಎತ್ತರವಾಗಿರಬೇಕು. ಪ್ರವೇಶದಲ್ಲಿ ಎಷ್ಟೇ ರಿಯಾಯಿತಿ ಕೊಟ್ಟರೂ ಅಂತಿಮ ಪರೀಕ್ಷೆಯಲ್ಲಿ ಕೊಡಕೂಡದು. ಒಳಬರುವ ಬಾಗಿಲು ಎರಡಿರಲಿ, ಹೊರಹೋಗುವ ಬಾಗಿಲು ಒಂದೇ ಆಗಿರಲಿ. ಹಾಗಾದಾಗಲೇ “ಇವನು ಆಟದ ಪಾಲಿನಿಂದ ಬಂದವನು” ಎಂಬ ಕುಹಕದ ಮಾತು ಆ ಪದವೀಧರನನ್ನು ಜೀವಮಾನವೆಲ್ಲ ಬೆನ್ನಟ್ಟುವುದು ತಪ್ಪುತ್ತದೆ.

ಒಳ್ಳೆಯ ಮಾದರಿಗಾಗಿ ನಾವು ಬಹುದೂರ ಹೋಗಬೇಕಾಗಿಲ್ಲ. ಅನಂತಪುರದ ಕ್ರೀಡಾಗ್ರಾಮದಲ್ಲಿ ಸ್ಪೇನ್ ದೇಶದ ಟೆನಿಸ್ ಪಟು ರಫೇಲ್ ನಡಾಲ್ ಅವರ ಪ್ರತಿಷ್ಠಾನದ ಸಹಾಯದಿಂದ 2010ರಲ್ಲಿ ಟೆನಿಸ್ ಶಾಲೆಯೊಂದು ಆರಂಭವಾಯಿತು. ಅಲ್ಲಿಗೆ ಬರುವ ಬಡ ಮಕ್ಕಳಿಗೆ ಟೆನಿಸ್ಸಿನೊಡನೆ ಇಂಗ್ಲಿಷ್ ಪಾಠವನ್ನೂ ಕಂಪ್ಯೂಟರ್ ಪಾಠವನ್ನೂ ಸೇರಿಸಿಯೇ ಕಾರ್ಯಕ್ರಮವನ್ನು ರೂಪಿಸಿದರು. ಬಂದ ಮಕ್ಕಳೆಲ್ಲ ಟೆನಿಸ್ ಆಟಗಾರರಾಗುವುದು ಅಸಂಭವ. ಆದರೆ ಕಲಿತ ಪಾಠ ಎಲ್ಲರಲ್ಲಿಯೂ ಉಳಿಯುತ್ತದೆ. ಈ ವಿವೇಕವನ್ನು ನಾವೂ ಅನುಸರಿಸಬಹುದು.

ಆದ್ದರಿಂದ ಸಂಘದ ಪರಿಶೀಲನೆಗಾಗಿ ನಮ್ಮ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ.

ಒಂದನೆಯದಾಗಿ, ಕ್ರೀಡಾಪಟುವು ಸೇರಬಯಸುವ ವ್ಯಾಸಂಗಕ್ಕೆ ಬೇಕಾದ ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದರೆ ಸಾಕು. ಅದಕ್ಕೆ ಮೀರಿ ಶೇಕಡಾವಾರು ಅಂಕವನ್ನು ಕೇಳದಿರೋಣ. ಬದಲಾಗಿ ಆ ವಿಷಯದ ಮೂಲಪಾಠಗಳನ್ನು ಅವನು ಬಲ್ಲನೇ ಎಂಬುದನ್ನು ನಮ್ಮ ಉಪಾಧ್ಯಾಯರು ಕನ್ನಡದಲ್ಲಿಯೇ ಕೇಳಿ ತಿಳಿಯಲಿ.

ಎರಡನೆಯದಾಗಿ, ಸರ್ಟಿಫಿಕೇಟನ್ನು ಕೊಟ್ಟ ಸಂಸ್ಥೆಗೆ ಸಂಘವೇ ನೇರವಾಗಿ ಬರೆದು ವಿಚಾರಿಸಲಿ. ಬಯಲಿನಲ್ಲಿ ಒಂದು ಗಂಟೆ ಆಡಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಆಡದವನ ಕಾಲು ಸುಳ್ಳು ಹೇಳಲಾರದು.

ಮೂರನೆಯದಾಗಿ, ಸಹಾಯಧನದ ಹತ್ತು ಪಾಲುಗಳಲ್ಲಿ ಎರಡನ್ನು ಮೀರದಷ್ಟು ಮಾತ್ರ ಇದಕ್ಕೆ ಮೀಸಲಾಗಲಿ. ಐ.ಐ.ಟಿ.ಯವರಂತೆ ಹೆಚ್ಚುವರಿ ಸ್ಥಾನಗಳನ್ನು ಸೃಷ್ಟಿಸುವ ಶಕ್ತಿ ನಮಗಿಲ್ಲ. ನಮ್ಮ ಬೊಕ್ಕಸ ಒಂದೇ. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ತಪ್ಪುತ್ತದೆ. ಆಟವೂ ಬಾರದ, ಮನೆಯಲ್ಲಿ ದೀಪದ ಕೆಳಗೆ ಓದಿ ಅಂಕ ಗಳಿಸಿದ ಬಡ ಹುಡುಗಿಯ ಮುಖವನ್ನು ನೋಡಿ ನಾವು ಉತ್ತರ ಹೇಳಬೇಕಾಗುತ್ತದೆ. ಈ ಎರಡು ಪಾಲುಗಳಲ್ಲಿಯೂ ಒಂದು ಹೆಣ್ಣುಮಕ್ಕಳದಾಗಿರಲಿ. ಹತ್ತನೆಯ ತರಗತಿ ಮುಗಿಯುತ್ತಲೇ ಮದುವೆಯ ಮಾತೆತ್ತುವ ಮನೆಗಳಲ್ಲಿ, ಆಟವಾಡಿ ಗೆದ್ದ ಮಗಳನ್ನು ಕಾಲೇಜಿಗೆ ಕಳುಹಿಸುವ ಧೈರ್ಯವು ತಂದೆತಾಯಿಗಳಿಗೆ ಇದರಿಂದ ಬರಬಹುದು.

ನಾಲ್ಕನೆಯದಾಗಿ, ಸಹಾಯವನ್ನು ಮುಂದುವರಿಸುವುದು ಹಾಜರಿಯನ್ನೂ ವ್ಯಾಸಂಗವನ್ನೂ ನೋಡಿಯೇ ಹೊರತು ಪದಕಗಳನ್ನು ಎಣಿಸಿ ಅಲ್ಲ. ಮೊಣಕಾಲು ಮುರಿದುಕೊಂಡ ದಿನವೇ ಹುಡುಗನ ಸಹಾಯಧನ ನಿಂತುಹೋಗುವುದಾದರೆ, ನಾವು ಪೋಷಿಸಿದ್ದು ಅವನನ್ನಲ್ಲ, ಅವನ ಕಾಲನ್ನು ಎಂದಾಗುತ್ತದೆ.

ಐದನೆಯದಾಗಿ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲಿನ ಬೇಸಗೆಯ ಎರಡು ತಿಂಗಳು, ಕಾಲೇಜಿಗೆ ಹೋಗುವ ಎಲ್ಲ ಮಕ್ಕಳಿಗೂ ಇಂಗ್ಲಿಷಿನ ಮತ್ತು ತೆಲುಗಿನ ಸೇತುಪಾಠಗಳನ್ನು ನಡೆಸೋಣ. ಆಟಗಾರರು ಬೆಳಗಿನ ಅಭ್ಯಾಸವನ್ನು ಮುಗಿಸಿ ಬರಲಿ. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಇರುವ ಅವಕಾಶಗಳನ್ನೂ ಈ ತರಗತಿಗಳಲ್ಲಿ ತಿಳಿಸಿಕೊಡಬಹುದು. ಮಟ್ಟವನ್ನು ತಗ್ಗಿಸುವುದಕ್ಕಿಂತ ಮಗುವನ್ನು ಮಟ್ಟಕ್ಕೆ ಎತ್ತುವುದು ಶ್ರೇಷ್ಠವಾದ ದಾರಿ; ಉಪಾಧ್ಯಾಯರಾದ ನಮ್ಮ ಕೈಯಲ್ಲಿರುವ ದಾರಿಯೂ ಅದೇ. ಇದಕ್ಕಾಗಿ ನಮ್ಮ ಬೇಸಗೆಯ ರಜೆಯಲ್ಲಿ ಒಂದು ಭಾಗವನ್ನು ಕೊಡಲು ನಾವು ಸಿದ್ಧರಿದ್ದೇವೆ.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಆಟದಲ್ಲಿ ಸೋತವನು ಮರುದಿನ ಮತ್ತೆ ಬಯಲಿಗೆ ಬರುತ್ತಾನೆ. ಗಣಿತದಲ್ಲಿ ಸೋತವನು ಮಾತ್ರ ಪುಸ್ತಕದ ಮುಖವನ್ನೇ ನೋಡುವುದಿಲ್ಲ. ಬಯಲಿನಲ್ಲಿ ಕಲಿತ ಆ ಛಲವನ್ನು ತರಗತಿಯೊಳಕ್ಕೂ ತನ್ನಿರಿ. ಇಪ್ಪತ್ತೈದರಿಂದ ಮೂವತ್ತು ವರ್ಷಗಳೊಳಗೆ ಬಹುಮಂದಿ ಆಟಗಾರರ ಆಟ ಮುಗಿಯುತ್ತದೆ. ಬದುಕು ಅದರ ಆಚೆಗೆ ಬಹಳ ದೂರ ಹೋಗಬೇಕಾಗಿದೆ.

ಪೋಷಕ ಮಹಾಶಯರೇ, ಈ ಬಾರಿ ಎಷ್ಟು ಅರ್ಜಿಗಳು ಬರುವವೋ ನಾವು ಅರಿಯೆವು. ಬಂದ ಎಲ್ಲವನ್ನೂ ಪುರಸ್ಕರಿಸುವಷ್ಟು ಹಣ ನಮ್ಮಲ್ಲಿ ಇರದೆಂಬುದು ಮಾತ್ರ ಖಂಡಿತ. ನಿಯಮವನ್ನು ಅರ್ಜಿಗಳು ಬರುವುದಕ್ಕೆ ಮುಂಚೆ ಮಾಡಿದರೆ ಅದು ನ್ಯಾಯವೆನಿಸುತ್ತದೆ. ಬಂದ ಮೇಲೆ ಮಾಡಿದರೆ ಪಕ್ಷಪಾತವೆನಿಸುತ್ತದೆ. ಆದಕಾರಣ ಮುಂದಿನ ಸಾಲಿನ ಅರ್ಜಿಗಳನ್ನು ಕರೆಯುವುದಕ್ಕೆ ಮೊದಲೇ ಸಮಿತಿಯವರು ಈ ಸೂಚನೆಗಳನ್ನು ತಿದ್ದಿಯೋ, ಒಪ್ಪಿಯೋ ಒಂದು ನಿರ್ಣಯಕ್ಕೆ ಬರಬೇಕೆಂದು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.